ಕಿಕ್ಕಿರಿದ ನಗರದಲ್ಲಿ ಹೆದ್ದಾರಿ ಇಂಟರ್‌ಚೇಂಜ್: ಯಾವ ವಿನ್ಯಾಸ ಯಾವ ಜಾಗಕ್ಕೆ ಒಪ್ಪುತ್ತದೆ

ಎರಡು ಹೆದ್ದಾರಿಗಳು ಕೂಡುವಲ್ಲಿ ವಾಹನಗಳು ಸಿಗ್ನಲ್‌ಗೆ ನಿಲ್ಲದೆ ಸಾಗಬೇಕಾದರೆ ಒಂದು ರಸ್ತೆಯನ್ನು ಇನ್ನೊಂದರ ಮೇಲೆ ಹಾಯಿಸಿ, ಎರಡರ ನಡುವೆ ರ‍್ಯಾಂಪ್‌ಗಳ ಮೂಲಕ, ಅಂದರೆ ಏರಿ ಇಳಿಯುವ ಜೋಡುರಸ್ತೆಗಳ ಮೂಲಕ, ಸಂಪರ್ಕ ಕೊಡಬೇಕು. ಇಂಥ ಕೂಡುಜಾಗವೇ ಇಂಟರ್‌ಚೇಂಜ್. ಊರ ಹೊರಗಿನ ಬಯಲಿನಲ್ಲಿ ಇದು ಬಹುಮಟ್ಟಿಗೆ ಹಣದ ಪ್ರಶ್ನೆ. ಮನೆ, ಅಂಗಡಿ, ಕೆರೆ, ರೈಲು ಹಳಿ, ಮೆಟ್ರೊ ಕಂಬ, ಒಳಚರಂಡಿ ಕೊಳವೆಗಳು ಒತ್ತೊತ್ತಾಗಿ ಸೇರಿಕೊಂಡಿರುವ ನಗರದ ಜಂಕ್ಷನ್‌ನಲ್ಲಿ ಅದು ಯಾರ ಜಾಗ ಹೋಗುತ್ತದೆ, ಎಷ್ಟು ವರ್ಷ ರಸ್ತೆ ಅಗೆದಿರುತ್ತದೆ, ಕೊನೆಗೆ ದಟ್ಟಣೆ ನಿಜವಾಗಿ ಕರಗುತ್ತದೆಯೇ ಅಥವಾ ಒಂದು ಕಿಲೋಮೀಟರ್ ಮುಂದಕ್ಕೆ ಸರಿಯುತ್ತದೆಯೇ ಎಂಬ ಪ್ರಶ್ನೆಯಾಗುತ್ತದೆ. ಯೋಜನಾ ವರದಿಗಳಲ್ಲಿ ಎರಡು ಮೂರು ಆಯ್ಕೆಗಳ ನಕ್ಷೆಗಳನ್ನು ಪಕ್ಕಪಕ್ಕದಲ್ಲಿ ಮುದ್ರಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುವುದುಂಟು. ಆ ನಕ್ಷೆಗಳನ್ನು ಹೋಲಿಸಿ ನೋಡುವುದು ಹೇಗೆಂಬುದನ್ನು ಬೆಂಗಳೂರು, ಚೆನ್ನೈ ಮತ್ತು ಹೊರದೇಶಗಳ ಕೆಲವು ಕಟ್ಟಿ ಮುಗಿದ ಉದಾಹರಣೆಗಳ ಆಧಾರದಲ್ಲಿ ಇಲ್ಲಿ ವಿವರಿಸಲಾಗಿದೆ.

ನಾಲ್ಕು ದಿಕ್ಕಿನ ಒಂದು ಜಂಕ್ಷನ್‌ನಲ್ಲಿ, ಯು-ತಿರುವುಗಳನ್ನು ಬಿಟ್ಟರೆ, ಒಟ್ಟು 12 ಬಗೆಯ ಚಲನೆಗಳಿರುತ್ತವೆ: ನಾಲ್ಕು ನೇರ, ನಾಲ್ಕು ಎಡತಿರುವು, ನಾಲ್ಕು ಬಲತಿರುವು. ನೇರ ಹೋಗುವ ನಾಲ್ಕನ್ನು ಒಂದೇ ಮೇಲ್ಸೇತುವೆ ಬೇರ್ಪಡಿಸುತ್ತದೆ. ನಾವು ರಸ್ತೆಯ ಎಡಬದಿಯಲ್ಲಿ ವಾಹನ ಓಡಿಸುವವರಾದ್ದರಿಂದ ಎಡತಿರುವುಗಳು ಯಾರನ್ನೂ ಅಡ್ಡಹಾಯಬೇಕಿಲ್ಲ. ಸ್ವಲ್ಪ ಜಾಗವಿದ್ದರೆ ಅವು ತಾವಾಗಿ ಸಾಗುತ್ತವೆ. ಉಳಿದ ನಾಲ್ಕು ಬಲತಿರುವುಗಳೇ ಇಡೀ ಸಮಸ್ಯೆಯ ತಿರುಳು. ಜಗತ್ತಿನಲ್ಲಿ ಇಂಟರ್‌ಚೇಂಜ್‌ಗೆ ಎಷ್ಟು ಆಕಾರಗಳಿವೆಯೋ ಅವೆಲ್ಲವೂ ಈ ನಾಲ್ಕು ಬಲತಿರುವುಗಳನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಕೊಟ್ಟ ಬೇರೆ ಬೇರೆ ಉತ್ತರಗಳು. ನಗರದೊಳಗೆ ಈ ನಾಲ್ಕೂ ಒಂದೇ ತೂಕದವಾಗಿರುವುದು ಅಪರೂಪ. ಒಂದೋ ಎರಡೋ ಬಹಳ ಭಾರವಾಗಿದ್ದು ಉಳಿದವು ಹಗುರವಾಗಿರುತ್ತವೆ. ಆದ್ದರಿಂದ ಆಕಾರದ ಪೂರ್ಣತೆಗಿಂತ ಭಾರವಾದ ತಿರುವಿಗೆ, ಮತ್ತು ಆ ತಿರುವು ಮುಗಿದ ಮೇಲೆ ವಾಹನಗಳು ಇಳಿಯುವ ರಸ್ತೆಗೆ, ಹೆಚ್ಚಿನ ಬೆಲೆ ಕೊಡುವ ವಿನ್ಯಾಸವೇ ಕಿಕ್ಕಿರಿದ ನಗರಕ್ಕೆ ಒಪ್ಪುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಎಣಿಕೆ

ನಗರ ಪ್ರದೇಶದ ಇಂಟರ್‌ಚೇಂಜ್‌ಗಳ ವಿನ್ಯಾಸಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ಪ್ರತ್ಯೇಕ ಮಾರ್ಗಸೂಚಿಯೇ ಇದೆ. ಅದರ ಸಂಖ್ಯೆ ಐಆರ್‌ಸಿ 92. ಎಲ್ಲ ದಿಕ್ಕುಗಳಿಂದ ಜಂಕ್ಷನ್‌ಗೆ ಬರುವ ವಾಹನಗಳ ಒಟ್ಟು ಪ್ರಮಾಣ ಗಂಟೆಗೆ 10,000 ಪಿಸಿಯು, ಅಂದರೆ ಕಾರಿಗೆ ಸಮನಾಗಿ ಲೆಕ್ಕ ಹಾಕಿದ ವಾಹನ ಘಟಕಗಳನ್ನು, ಮೀರಿದರೆ ಇಂಟರ್‌ಚೇಂಜ್ ಕಟ್ಟುವುದನ್ನು ಸಮರ್ಥಿಸಬಹುದು ಎಂಬುದು ಅಲ್ಲಿಂದ ಎಲ್ಲರೂ ಉದ್ಧರಿಸುವ ಅಳತೆ. ಈ ಒಟ್ಟು ಮೊತ್ತ ಕಟ್ಟಬೇಕೇ ಬೇಡವೇ ಎಂಬುದಕ್ಕೆ ಉತ್ತರವಾದೀತೇ ಹೊರತು ಏನನ್ನು ಕಟ್ಟಬೇಕೆಂಬುದನ್ನು ಹೇಳುವುದಿಲ್ಲ. ಅದಕ್ಕೆ 12 ಚಲನೆಗಳ ಪ್ರತ್ಯೇಕ ಎಣಿಕೆ ಬೇಕು, ಬೆಳಗಿನ ಮತ್ತು ಸಂಜೆಯ ದಟ್ಟಣೆಯ ಹೊತ್ತಿಗೆ ಬೇರೆ ಬೇರೆಯಾಗಿ ಬೇಕು. ಬೆಳಗ್ಗೆ ಭಾರವಾದ ತಿರುವು ಸಂಜೆ ಹಗುರವಾಗಿ, ಅದರ ಎದುರಿನದು ಭಾರವಾಗುವುದು ನಗರಗಳಲ್ಲಿ ಸಾಮಾನ್ಯ. ಇದರ ಜೊತೆಗೆ ಪ್ರತಿ ಚಲನೆಯಲ್ಲಿ ಎಷ್ಟು ಬಸ್ಸುಗಳಿವೆ, ಒಟ್ಟು ಎಷ್ಟು ಜನ ಸಾಗುತ್ತಿದ್ದಾರೆ ಎಂಬ ಲೆಕ್ಕವನ್ನೂ ಕೇಳಬೇಕು; ಪಿಸಿಯು ಲೆಕ್ಕದಲ್ಲಿ ಒಂದು ತುಂಬಿದ ಬಸ್ಸು ಮೂರು ಕಾರುಗಳಷ್ಟೇ ಆಗಿ ಕಂಡರೂ ಅದರೊಳಗೆ ಇರುವವರು 50 ರಿಂದ 60 ಮಂದಿ.

ಕ್ಲೋವರ್‌ಲೀಫ್: ನಕ್ಷೆಯಲ್ಲಿ ಚೆಂದ, ಜಾಗದಲ್ಲಿ ದುಬಾರಿ

ನಾಲ್ಕು ಎಸಳಿನ ಹೂವಿನಂತೆ ಕಾಣುವ ಕ್ಲೋವರ್‌ಲೀಫ್‌ನ ಜಾಣತನ ಇರುವುದು ಒಂದೇ ಸೇತುವೆಯಿಂದ ಎಲ್ಲ 12 ಚಲನೆಗಳನ್ನೂ ಸಿಗ್ನಲ್ ಇಲ್ಲದೆ ಮುಗಿಸುವುದರಲ್ಲಿ. ಬಲಕ್ಕೆ ಹೋಗಬೇಕಾದವರು ಸೇತುವೆಯನ್ನು ದಾಟಿ, ಎಡಕ್ಕೆ ಸರಿದು, 270 ಡಿಗ್ರಿ ಲೂಪ್ ಸುತ್ತಿ ಮತ್ತೊಂದು ರಸ್ತೆಯನ್ನು ಸೇರುತ್ತಾರೆ. ಅಮೆರಿಕದಲ್ಲಿ 1916ರಲ್ಲಿಯೇ ಇದಕ್ಕೆ ಪೇಟೆಂಟ್ ಸಿಕ್ಕಿತ್ತು. ಅಲ್ಲಿನ ಮೊದಲ ಕ್ಲೋವರ್‌ಲೀಫ್ 1929ರಲ್ಲಿ ನ್ಯೂಜೆರ್ಸಿಯ ವುಡ್‌ಬ್ರಿಜ್‌ನಲ್ಲಿ ತೆರೆಯಿತು. ಆ ಕ್ಲೋವರ್‌ಲೀಫ್ ಇಂದು ಅಲ್ಲಿಲ್ಲ. ಅದನ್ನು ತೆಗೆದು ಬೇರೆ ವಿನ್ಯಾಸ ತಂದಿದ್ದಾರೆ.

ಇದರ ಮೊದಲ ತೊಂದರೆ ಜಾಗ. ಲೂಪಿನ ತ್ರಿಜ್ಯವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ನಮ್ಮಲ್ಲಿ ರೂಢಿಯಲ್ಲಿರುವ 7 ಶೇಕಡಾ ಅಡ್ಡ ಇಳಿಜಾರು (ತಿರುವಿನಲ್ಲಿ ರಸ್ತೆಯ ಹೊರಬದಿಯನ್ನು ಎತ್ತರಿಸುವ ಓರೆ) ಮತ್ತು 0.15 ಘರ್ಷಣಾಂಕ (ಟೈರು ರಸ್ತೆಯನ್ನು ಹಿಡಿಯುವ ಅಳತೆ) ಹಿಡಿದು ಲೆಕ್ಕ ಹಾಕಿದರೆ, ಗಂಟೆಗೆ 30 ಕಿಲೋಮೀಟರ್ ವೇಗದ ಲೂಪಿಗೆ ಸುಮಾರು 32 ಮೀಟರ್, 40ಕ್ಕೆ 57 ಮೀಟರ್, 50ಕ್ಕೆ ಸುಮಾರು 90 ಮೀಟರ್ ತ್ರಿಜ್ಯ ಬೇಕಾಗುತ್ತದೆ. ವಿಸ್ತೀರ್ಣವು ತ್ರಿಜ್ಯದ ವರ್ಗಕ್ಕೆ ತಕ್ಕಂತೆ ಹೆಚ್ಚುವುದರಿಂದ 30ರ ವೇಗದಿಂದ 50ಕ್ಕೆ ಹೋದರೆ ಲೂಪು ನುಂಗುವ ನೆಲ ಏಳೂವರೆ ಪಟ್ಟಿಗಿಂತಲೂ ಹೆಚ್ಚಾಗುತ್ತದೆ. 40ರ ವೇಗಕ್ಕೆ ಒಂದು ಲೂಪು ಎರಡೂವರೆ ಎಕರೆ. ನಾಲ್ಕು ಲೂಪುಗಳಿಗೆ ಹತ್ತು ಎಕರೆ. ಹೊರಗಿನ ಎಡತಿರುವಿನ ರ‍್ಯಾಂಪುಗಳ ಜಾಗ ಇದರ ಮೇಲೆ. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ನಗರ ಪ್ರದೇಶದಲ್ಲಿ ಮಾರುಕಟ್ಟೆ ಬೆಲೆಯ ಮೇಲೆ ಅಷ್ಟೇ ಮೊತ್ತದ ಸೊಲೇಷಿಯಂ, ಅಂದರೆ ಹೆಚ್ಚುವರಿ ಸಾಂತ್ವನ ಧನ, ಸೇರುತ್ತದೆ. ಚದರಡಿಗೆ 10,000 ರೂಪಾಯಿ ಎಂದು ಲೆಕ್ಕಕ್ಕೆ ಇಟ್ಟುಕೊಂಡರೂ ಒಂದು ಎಕರೆಗೆ ಪರಿಹಾರ 87 ಕೋಟಿ ರೂಪಾಯಿ, ಹತ್ತು ಎಕರೆಗೆ 870 ಕೋಟಿ. ಬೆಂಗಳೂರಿನ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುಮಾರು 3.3 ಕಿಲೋಮೀಟರ್ ಉದ್ದದ, ರಸ್ತೆ ಮತ್ತು ಮೆಟ್ರೊ ಎರಡನ್ನೂ ಹೊರುವ ಡಬಲ್ ಡೆಕ್ಕರ್ ಮೇಲ್ಸೇತುವೆಗೆ ಆದ ವೆಚ್ಚ 449 ಕೋಟಿ ಎಂದು ಪ್ರಕಟವಾಗಿತ್ತು. ಲೂಪಿನೊಳಗೆ ಸುಮ್ಮನೆ ಸುತ್ತುವರಿದ ಹುಲ್ಲಿನ ನೆಲಕ್ಕೇ ಅದರ ಹತ್ತಿರ ಹತ್ತಿರ ಎರಡರಷ್ಟು ಹಣ ಹೋಗುವುದಾದರೆ, ಕ್ಲೋವರ್‌ಲೀಫ್ ಅಗ್ಗದ ವಿನ್ಯಾಸವೆಂಬ ಮಾತು ನಗರದೊಳಗೆ ನಿಲ್ಲುವುದಿಲ್ಲ.

ಎರಡನೆಯ ತೊಂದರೆ ಕಣ್ಣಿಗೆ ಬೇಗ ಬೀಳದಂಥದ್ದು, ಆದರೆ ಹೆಚ್ಚು ಗಂಭೀರವಾದದ್ದು. ಒಂದು ಲೂಪಿನಿಂದ ಹೊರಬಂದವರು ಮುಖ್ಯ ರಸ್ತೆಯನ್ನು ಸೇರುವ ಜಾಗ ಮತ್ತು ಮುಂದಿನ ಲೂಪಿಗೆ ಹೋಗುವವರು ಮುಖ್ಯ ರಸ್ತೆಯನ್ನು ಬಿಡುವ ಜಾಗ, ಇವೆರಡರ ನಡುವೆ ಇರುವುದು ನೂರಿನ್ನೂರು ಮೀಟರ್ ಮಾತ್ರ. ಒಳಬರುವವರು ಬಲಕ್ಕೆ, ಹೊರಹೋಗುವವರು ಎಡಕ್ಕೆ, ಅದೇ ತುಣುಕಿನಲ್ಲಿ ಪರಸ್ಪರ ಅಡ್ಡಹಾಯಬೇಕು. ಅಕ್ಕಪಕ್ಕದ ಎರಡು ಲೂಪುಗಳ ಒಟ್ಟು ವಾಹನಗಳು ಗಂಟೆಗೆ 1,000ದ ಹತ್ತಿರ ಬಂದರೆ ಈ ತುಣುಕಿನ ವೇಗ ಕುಸಿಯತೊಡಗುತ್ತದೆ ಎಂದು ಅಮೆರಿಕದ ಹೆದ್ದಾರಿ ವಿನ್ಯಾಸ ಕೈಪಿಡಿ ಎಚ್ಚರಿಸುತ್ತದೆ. ಹೆದ್ದಾರಿಯ ಒಂದೇ ಪಥ ಗಂಟೆಗೆ 2,000ಕ್ಕೂ ಹೆಚ್ಚು ಕಾರುಗಳನ್ನು ಸಾಗಿಸಬಲ್ಲದು ಎಂಬುದನ್ನು ನೆನೆದರೆ ಈ ಮಿತಿ ಎಷ್ಟು ಕಿರಿದೆಂದು ತಿಳಿಯುತ್ತದೆ. ಪಥಶಿಸ್ತು ಸಡಿಲವಾಗಿದ್ದು ದ್ವಿಚಕ್ರ ವಾಹನಗಳು ಸಿಕ್ಕ ಸಂದಿನಲ್ಲೆಲ್ಲ ತೂರುವ ನಮ್ಮ ರಸ್ತೆಗಳಲ್ಲಿ ಆ ಮಿತಿ ಇನ್ನೂ ಬೇಗ ಮುಟ್ಟುತ್ತದೆ, ಅಪಘಾತದ ಭಯವೂ ಅಲ್ಲಿಯೇ ಹೆಚ್ಚು. ಲೂಪುಗಳಿಗೆ ಪ್ರತ್ಯೇಕ ಸಮಾನಾಂತರ ರಸ್ತೆ ಕೊಟ್ಟರೆ ಈ ತೊಂದರೆ ತಗ್ಗುತ್ತದೆ. ಆಗ ಸೇತುವೆ ಅಗಲವಾಗಬೇಕು, ಜಾಗ ಮತ್ತೆ ಹೆಚ್ಚಬೇಕು.

ಚೆನ್ನೈನ ಕತ್ತಿಪಾರ ಇಂಟರ್‌ಚೇಂಜ್ ನಗರದೊಳಗಿನ ಕ್ಲೋವರ್‌ಲೀಫ್‌ಗೆ ದಕ್ಷಿಣ ಭಾರತದ ಪ್ರಸಿದ್ಧ ಉದಾಹರಣೆ. 2008ರಲ್ಲಿ ಪೂರ್ಣಗೊಂಡ ಅದು ಜಿಎಸ್‌ಟಿ ರಸ್ತೆ, ಅಣ್ಣಾ ಸಾಲೈ, ಒಳವರ್ತುಲ ರಸ್ತೆ ಮತ್ತು ಪೂನಮಲ್ಲಿ ರಸ್ತೆಗಳನ್ನು ಬೆಸೆಯುತ್ತದೆ. ಅಲ್ಲಿ ನನಗೆ ಮೆಚ್ಚುಗೆಯಾಗುವುದು ಲೂಪುಗಳ ಕೆಳಗಿನ ನೆಲವನ್ನು ಮುಂದೆ ಚೆನ್ನೈ ಮೆಟ್ರೊ ಸಂಸ್ಥೆಯು ಬಸ್ ನಿಲುಗಡೆ, ಅಂಗಡಿ, ಕೂರುವ ಜಾಗಗಳಿರುವ ಚೌಕವಾಗಿ ರೂಪಿಸಿದ್ದು. ಸೇತುವೆ ಕಟ್ಟುವಾಗಲೇ ಇಂಥ ಯೋಚನೆ ಇರಬೇಕಿತ್ತೆಂಬುದು ಬೇರೆ ಮಾತು. ತಡವಾದರೂ ಆ ನೆಲ ಜನರಿಗೆ ಮರಳಿತು. ಬೆಂಗಳೂರಿನ ಸುತ್ತ ನೈಸ್ ರಸ್ತೆಯ ಕ್ಲೋವರ್‌ಲೀಫ್‌ಗಳು ಸಾಧ್ಯವಾದದ್ದು ಅವು ನಗರದ ಅಂಚಿನಲ್ಲಿ, ಹೊಲಗದ್ದೆಗಳ ನಡುವೆ ಬಂದದ್ದರಿಂದ. ಅಲ್ಲಿಯೂ ಭೂಮಿಯ ವ್ಯಾಜ್ಯಗಳು ದಶಕಗಳ ಕಾಲ ನಡೆದವು. ಹೊಸ ವರ್ತುಲ ರಸ್ತೆಯ ಜಾಗ ಇನ್ನೂ ಖಾಲಿಯಿದ್ದರೆ ಕ್ಲೋವರ್‌ಲೀಫ್ ಪರಿಗಣಿಸಬಹುದು. ಕಟ್ಟಡಗಳು ತುಂಬಿದ ಜಂಕ್ಷನ್‌ಗೆ ಅದನ್ನು ನಾನು ಶಿಫಾರಸು ಮಾಡುವುದಿಲ್ಲ.

ಸ್ಟ್ಯಾಕ್: ಅಗಲದ ಬದಲು ಎತ್ತರ

ಲೂಪುಗಳನ್ನು ಕೈಬಿಟ್ಟು ಪ್ರತಿ ಬಲತಿರುವಿಗೂ ನೇರವಾದ ಮೇಲುರಸ್ತೆ ಕೊಟ್ಟರೆ ಅದು ನಾಲ್ಕು ಅಂತಸ್ತಿನ ಸ್ಟ್ಯಾಕ್ ಆಗುತ್ತದೆ. 1953ರಲ್ಲಿ ಪೂರ್ಣವಾಗಿ ತೆರೆದ ಲಾಸ್ ಏಂಜಲೀಸ್‌ನ ನಾಲ್ಕು ಅಂತಸ್ತಿನ ಇಂಟರ್‌ಚೇಂಜ್ ಈ ಬಗೆಯ ಮೊದಲನೆಯದು. ಅದೇ ನಗರದಲ್ಲಿ 1993ರಲ್ಲಿ ತೆರೆದ ಜಡ್ಜ್ ಹ್ಯಾರಿ ಪ್ರೆಗರ್ಸನ್ ಇಂಟರ್‌ಚೇಂಜ್‌ನಲ್ಲಿ ಬಸ್ ಪಥ ಮತ್ತು ಲಘು ರೈಲಿಗೂ ಜಾಗವಿದೆ. ವಾಹನಗಳು ಅಡ್ಡಹಾಯುವ ತುಣುಕು ಇಲ್ಲದಿರುವುದರಿಂದ ಸಾಮರ್ಥ್ಯದಲ್ಲಿ ಇದಕ್ಕೆ ಸಾಟಿಯಿಲ್ಲ.

ನಕ್ಷೆಯನ್ನು ಮೇಲಿನಿಂದ ನೋಡುವವರಿಗೆ ಸ್ಟ್ಯಾಕ್ ಇಕ್ಕಟ್ಟಾದ ಜಾಗಕ್ಕೆ ಹೇಳಿ ಮಾಡಿಸಿದಂತೆ ಕಾಣುತ್ತದೆ, ಆದರೆ ಅದನ್ನು ಪಕ್ಕದಿಂದ ನೋಡಬೇಕು. ನಮ್ಮ ನಗರಗಳಲ್ಲಿ ಮೇಲ್ಸೇತುವೆಯ ಕೆಳಗೆ 5.5 ಮೀಟರ್ ತೆರವು ಬಿಡಬೇಕು. ಗರ್ಡರ್‌ನ ದಪ್ಪ ಸೇರಿದರೆ ಒಂದೊಂದು ಅಂತಸ್ತಿಗೆ ಸುಮಾರು 8 ಮೀಟರ್. ತುಂಬಿದ ಲಾರಿ, ಬಸ್ಸುಗಳು ಹತ್ತಬೇಕಾದ್ದರಿಂದ ಏರು 4 ಶೇಕಡಾ ಇರಲಿ ಎಂದರೆ ಎರಡನೆಯ ಮೇಲಂತಸ್ತಿಗೆ ಏರಲು 400 ಮೀಟರ್, ಮೂರನೆಯದಕ್ಕೆ 600 ಮೀಟರ್ ಬೇಕು, ಏರಿನ ತಲೆ ಬುಡಗಳಲ್ಲಿ ರಸ್ತೆ ನಿಧಾನವಾಗಿ ಬಾಗಲು ಬೇಕಾದ ಉದ್ದ ಇದಕ್ಕೆ ಹೊರತು. ಅಂದರೆ ಜಂಕ್ಷನ್‌ನ ನಡುವೆ ಉಳಿಸಿದ ಜಾಗವನ್ನು ನಾಲ್ಕೂ ರಸ್ತೆಗಳನ್ನು ಅರ್ಧ ಕಿಲೋಮೀಟರ್‌ಗೂ ಮಿಕ್ಕಿದ ಉದ್ದಕ್ಕೆ ಅಗಲಗೊಳಿಸಿ ತೆರಬೇಕಾಗುತ್ತದೆ. ಮುಖ್ಯ ಪಥ, ಏರುವ ರ‍್ಯಾಂಪ್, ಇಳಿಯುವ ರ‍್ಯಾಂಪ್, ಎರಡೂ ಬದಿ ಸರ್ವಿಸ್ ರಸ್ತೆ, ಕಾಲುದಾರಿ ಇವೆಲ್ಲವನ್ನು ಕೂಡಿಸಿ 45 ಮೀಟರ್ ಅಗಲದ ಹೊರವರ್ತುಲ ರಸ್ತೆಯಲ್ಲಿ ಕೂರಿಸಲು ಹೋದಾಗ ಮೊದಲು ಮಾಯವಾಗುವುದು ಕಾಲುದಾರಿ. ಮೂರನೆಯ, ನಾಲ್ಕನೆಯ ಮಹಡಿಯ ಕಿಟಕಿಗಳ ಎದುರು ಹಗಲಿರುಳು ಲಾರಿಗಳು ಹಾಯುವ ಸದ್ದು ಮತ್ತು ಹೊಗೆ ಯಾವ ಅಂದಾಜು ಪಟ್ಟಿಯಲ್ಲೂ ಬರುವುದಿಲ್ಲ, ಆದರೂ ಅದು ವೆಚ್ಚವೇ.

ಇಕ್ಕಟ್ಟಿನಲ್ಲಿ ಸೇತುವೆಗಳನ್ನು ಹೇಗೆ ಪೋಣಿಸಬಹುದು ಎಂಬುದಕ್ಕೆ ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 1972ರಲ್ಲಿ ತೆರೆದ ಗ್ರ್ಯಾವೆಲಿ ಹಿಲ್ ಇಂಟರ್‌ಚೇಂಜ್ ನೋಡಬೇಕು. ಸುಮಾರು 30 ಎಕರೆಯಲ್ಲಿ, ರೈಲು ಹಳಿ, ಕಾಲುವೆ, ನದಿಗಳ ಮೇಲೆ ಹರಡಿದ ಅದಕ್ಕೆ 559 ಕಂಬಗಳಿವೆ. ಕಾಲುವೆಯಲ್ಲಿ ಕುದುರೆ ಎಳೆಯುವ ದೋಣಿಯ ಹಗ್ಗ ಕಂಬಕ್ಕೆ ಸಿಕ್ಕಿಕೊಳ್ಳಬಾರದೆಂದು ಕಂಬಗಳ ಜಾಗವನ್ನು ಲೆಕ್ಕ ಹಾಕಿ ಗೊತ್ತುಮಾಡಿದ್ದರು. ನೆಲದ ಮಟ್ಟದಲ್ಲಿ ಆಗಲೇ ಇರುವ ಬದುಕಿಗೆ ಕಂಬಗಳು ಜಾಗ ಬಿಟ್ಟುಕೊಡಬೇಕೆಂಬ ಆ ಎಚ್ಚರ ನಮ್ಮ ನಕ್ಷೆಗಳಲ್ಲಿಯೂ ಕಾಣಬೇಕೆಂದು ನಾನು ಬಯಸುತ್ತೇನೆ.

ಆಯ್ದ ರ‍್ಯಾಂಪುಗಳು: ಹೆಬ್ಬಾಳ ಕಲಿಸುವುದು

ಮೂರನೆಯ ಆಯ್ಕೆಯಲ್ಲಿ ಭಾರವಾದ ಒಂದೆರಡು ತಿರುವುಗಳಿಗೆ ಮಾತ್ರ ನೇರ ರ‍್ಯಾಂಪ್ ಕೊಟ್ಟು, ಉಳಿದವನ್ನು ನೆಲಮಟ್ಟದ ಸಿಗ್ನಲ್‌ಗೋ ಯು-ತಿರುವಿಗೋ ಬಿಡಲಾಗುತ್ತದೆ. ಇದಕ್ಕೆ ಹೂವಿನ ಆಕಾರವೂ ಇಲ್ಲ, ಎತ್ತರದ ವೈಭವವೂ ಇಲ್ಲ. ಕಟ್ಟಡಗಳ ನಡುವೆ ಎಲ್ಲಿ ಸಂದು ಸಿಗುತ್ತದೆಯೋ ಅಲ್ಲಿ ಹಾದು ಹೋಗುತ್ತದೆ. ಕಿಕ್ಕಿರಿದ ನಗರದಲ್ಲಿ ಹೆಚ್ಚಿನ ಜಂಕ್ಷನ್‌ಗಳಿಗೆ ನಾನು ಆರಿಸುವುದು ಇದನ್ನೇ.

ಬೆಂಗಳೂರಿನ ಉತ್ತರದಲ್ಲಿರುವ ಹೆಬ್ಬಾಳದ ಮೇಲ್ಸೇತುವೆ 2003ರಲ್ಲಿ ಬಂತು. ಬಳ್ಳಾರಿ ರಸ್ತೆ ಮತ್ತು ಹೊರವರ್ತುಲ ರಸ್ತೆ ಕೂಡುವ ಆ ಜಾಗದ ಒಂದು ಮಗ್ಗುಲಲ್ಲಿ ಹೆಬ್ಬಾಳ ಕೆರೆ ಇದೆ, ಹತ್ತಿರದಲ್ಲೇ ರೈಲು ಹಳಿ ಹಾಯುತ್ತದೆ. ಕಟ್ಟಿದಾಗ ಅದು ನಗರದ ದೊಡ್ಡ ಕೆಲಸವೆನಿಸಿತ್ತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಯ ಪಾತ್ರವೇ ಬದಲಾಯಿತು; ಅತ್ತ ಹೊರವರ್ತುಲ ರಸ್ತೆಯ ಉದ್ದಕ್ಕೂ ಐಟಿ ಕಚೇರಿಗಳು ಎದ್ದವು. ಉತ್ತರದಿಂದ ನಗರಕ್ಕೆ ಬರುವ ಹರಿವು ಮತ್ತು ಕೆ.ಆರ್.ಪುರಂ ಕಡೆಯಿಂದ ನಗರಕ್ಕೆ ತಿರುಗುವ ಹರಿವು ಎರಡೂ ಮೇಲ್ಸೇತುವೆಯ ಮೇಲೆಯೇ ಕೂಡುತ್ತಿದ್ದವು, ಕೂಡಿದ ನಂತರ ಎರಡನ್ನೂ ಹೊರುವಷ್ಟು ಪಥಗಳಿರಲಿಲ್ಲ. ನಗರಕ್ಕೆ ಹೋಗುವ ದಿಕ್ಕಿನ ಆ ಒಂದು ಕೂಡುಜಾಗ ಇಡೀ ಜಂಕ್ಷನ್‌ನ ಹೆಸರನ್ನು ಕೆಡಿಸಿತು, ಬೇರೆ ದಿಕ್ಕಿನ ಲೂಪುಗಳು ಅಷ್ಟು ತುಂಬದಿದ್ದರೂ ಪ್ರಯೋಜನವಾಗಲಿಲ್ಲ.

2025ರ ಆಗಸ್ಟ್‌ನಲ್ಲಿ ಕೆ.ಆರ್.ಪುರಂ ಕಡೆಯಿಂದ ಮೇಖ್ರಿ ವೃತ್ತದ ಕಡೆಗೆ ಹೋಗುವವರಿಗೆ ಸುಮಾರು 700 ಮೀಟರ್ ಉದ್ದದ ಪ್ರತ್ಯೇಕ ಲೂಪು ತೆರೆಯಿತು. ಇದು ಆಯ್ದ ರ‍್ಯಾಂಪಿನ ತರ್ಕಕ್ಕೆ ಸ್ಪಷ್ಟ ಉದಾಹರಣೆ: ಇಡೀ ಇಂಟರ್‌ಚೇಂಜ್ ಕೆಡವದೆ, ಅತಿ ಭಾರದ ಒಂದು ಚಲನೆಯನ್ನು ಮಾತ್ರ ಹಳೆಯ ಕೂಡುಜಾಗದಿಂದ ಹೊರಗೆಳೆದದ್ದು. ಇದರ ಮಿತಿಯೂ ಅಷ್ಟೇ ಸ್ಪಷ್ಟ. ಹೆಬ್ಬಾಳದಲ್ಲಿ ಬೇಗ ಬಿಡುಗಡೆಯಾದ ವಾಹನಗಳೆಲ್ಲ ಅದೇ ಬಳ್ಳಾರಿ ರಸ್ತೆಯಲ್ಲಿ ಮೇಖ್ರಿ ವೃತ್ತವನ್ನೇ ಮುಟ್ಟಬೇಕು. ರ‍್ಯಾಂಪಿನ ಅಂದಾಜಿನಲ್ಲಿ ಮುಂದಿನ ಎರಡು ಕಿಲೋಮೀಟರ್‌ಗಳ ಸಾಮರ್ಥ್ಯವೂ ಸೇರಬೇಕೆಂದು ನಾನು ಒತ್ತಾಯಿಸುವುದು ಇದರಿಂದ.

ಈ ಮಾತಿಗೆ ಬೆಂಗಳೂರಿನಲ್ಲಿ ಉದಾಹರಣೆಗಳ ಕೊರತೆಯಿಲ್ಲ. ಕೆ.ಆರ್.ಪುರಂನ ತೂಗುಸೇತುವೆ 2003ರಲ್ಲಿ ರೈಲು ಹಳಿಯ ಅಡ್ಡಿಯನ್ನು ನಿವಾರಿಸಿತು. ಸೇತುವೆ ಇಳಿದವರೆಲ್ಲ ಟಿನ್ ಫ್ಯಾಕ್ಟರಿ ಜಂಕ್ಷನ್ ಬಳಿ ಮತ್ತೆ ನಿಂತರು. ಬೊಮ್ಮನಹಳ್ಳಿಯಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಸುಮಾರು ಹತ್ತು ಕಿಲೋಮೀಟರ್ ಉದ್ದದ ಮೇಲುರಸ್ತೆ 2010ರ ಜನವರಿಯಲ್ಲಿ ತೆರೆದಾಗ ಆ ಹಾದಿಯ ಪ್ರಯಾಣ ನಿಜಕ್ಕೂ ಚುರುಕಾಯಿತು, ಆದರೆ ಹಿಂದಿರುಗುವವರನ್ನು ಅದು ಸಿಲ್ಕ್ ಬೋರ್ಡ್ ಜಂಕ್ಷನ್‌ನ ಬಾಗಿಲಿಗೇ ತಂದು ಬಿಟ್ಟಿತು.

ಸೇತುವೆಯ ಕೆಳಗೆ ಸಿಗ್ನಲ್ ಉಳಿಸುವ ವಿನ್ಯಾಸಗಳು

ಹೆದ್ದಾರಿಯು ಒಂದು ಸಾಮಾನ್ಯ ನಗರ ರಸ್ತೆಯನ್ನು ದಾಟುವ ಜಾಗದಲ್ಲಿ ಎಲ್ಲ ಚಲನೆಗಳನ್ನೂ ಸಿಗ್ನಲ್‌ನಿಂದ ಬಿಡಿಸಬೇಕಿಲ್ಲ. ಹೆದ್ದಾರಿಯ ನೇರ ಹರಿವನ್ನು ಮೇಲೆ ಹಾಯಿಸಿ, ನಾಲ್ಕು ಇಳಿಜಾರು ರ‍್ಯಾಂಪುಗಳನ್ನು ಕೆಳಗಿನ ಎರಡು ಸಿಗ್ನಲ್‌ಗಳಿಗೆ ಜೋಡಿಸುವ ಡೈಮಂಡ್ ವಿನ್ಯಾಸ ಅತಿ ಕಡಿಮೆ ಜಾಗ ಬೇಡುತ್ತದೆ. ಎರಡು ಸಿಗ್ನಲ್‌ಗಳನ್ನು ಸೇರಿಸಿ ಸೇತುವೆಯ ಕೆಳಗೆ ಒಂದೇ ಮಾಡಿದರೆ ಅದು ಸಿಂಗಲ್ ಪಾಯಿಂಟ್ ಇಂಟರ್‌ಚೇಂಜ್. 1974ರಲ್ಲಿ ಫ್ಲಾರಿಡಾದ ಕ್ಲಿಯರ್‌ವಾಟರ್‌ನಲ್ಲಿ ಶುರುವಾದ ಇದಕ್ಕೆ ನಡುವೆ ಕಂಬವಿಲ್ಲದ ಉದ್ದ ಸೇತುವೆ ಬೇಕು. ಅಡ್ಡರಸ್ತೆಯ ಎರಡೂ ದಿಕ್ಕಿನ ವಾಹನಗಳನ್ನು ಸ್ವಲ್ಪ ದೂರ ಅದಲುಬದಲು ಮಾಡಿ ಬಲತಿರುವಿಗೆ ಎದುರು ವಾಹನದ ಅಡ್ಡಿಯನ್ನೇ ಇಲ್ಲವಾಗಿಸುವ ಡೈವರ್ಜಿಂಗ್ ಡೈಮಂಡ್ ಫ್ರಾನ್ಸಿನಲ್ಲಿ ಮೊದಲೇ ಇತ್ತು. ಅಮೆರಿಕದಲ್ಲಿ 2009ರಲ್ಲಿ ಮಿಸೂರಿಯ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಬಂದ ಮೇಲೆ ವೇಗವಾಗಿ ಹರಡಿತು. ಹೊಸ ಸೇತುವೆ ಬೇಡದೆ, ಇರುವ ಸೇತುವೆಯ ಮೇಲೆಯೋ ಕೆಳಗೆಯೋ ಪಥಗಳನ್ನು ಮರುಜೋಡಿಸಿ ಇದನ್ನು ಮಾಡಬಹುದೆಂಬುದು ದೊಡ್ಡ ಅನುಕೂಲ. ಆದರೆ ಚಾಲಕರು ಗುರುತುಗಳನ್ನು ಚಾಚೂ ತಪ್ಪದೆ ಅನುಸರಿಸಿದರೆ ಮಾತ್ರ ಅದು ಸುರಕ್ಷಿತ. ಒಂದು ಸ್ಕೂಟರ್ ವಿರುದ್ಧ ದಿಕ್ಕಿನಲ್ಲಿ ನುಗ್ಗಿದರೆ ಇಡೀ ವ್ಯವಸ್ಥೆ ಅಪಾಯಕ್ಕೆ ಈಡಾಗುತ್ತದೆ. ನಮ್ಮಲ್ಲಿ ಗಟ್ಟಿಯಾದ ವಿಭಜಕಗಳನ್ನು ಕಟ್ಟದೆ ಇದನ್ನು ಪ್ರಯತ್ನಿಸಬಾರದು.

ಸಿಗ್ನಲ್ ಇರುವ ವಿನ್ಯಾಸಗಳಿಗೆ ಇನ್ನೊಂದು ಗುಣವಿದೆ, ಅದನ್ನು ವರದಿಗಳು ಬರೆಯುವುದೇ ಇಲ್ಲ. ನಡೆದು ದಾಟುವವರಿಗೆ ಸಿಗ್ನಲ್ ನಿಲುಗಡೆಯೇ ದಾರಿ. ಎಲ್ಲ ಚಲನೆಗಳೂ ನಿಲ್ಲದೆ ಸಾಗುವ ಇಂಟರ್‌ಚೇಂಜ್‌ನಲ್ಲಿ ಕಾಲ್ನಡಿಗೆಯವರಿಗೆ ಒಂದು ಕ್ಷಣದ ಬಿಡುವೂ ಇರುವುದಿಲ್ಲ. ಅವರನ್ನು ಉದ್ದನೆಯ ಮೇಲುಸೇತುವೆಗೋ ಕತ್ತಲೆಯ ಸುರಂಗಕ್ಕೋ ಕಳಿಸಬೇಕಾಗುತ್ತದೆ.

ನೆಲದಡಿ ಮತ್ತು ಗೋಡೆಯೊಳಗೆ: ಟೋಕಿಯೊದ ಓಹಾಶಿ

ಜಾಗ ಇಲ್ಲವೇ ಇಲ್ಲ, ಆದರೂ ಎರಡು ಮಹಾಮಾರ್ಗಗಳನ್ನು ಬೆಸೆಯಲೇಬೇಕು ಎಂದಾಗ ಏನು ಮಾಡಬಹುದೆಂಬುದಕ್ಕೆ ಟೋಕಿಯೊದ ಮೆಗುರೊ ಬಡಾವಣೆಯ ಓಹಾಶಿ ಜಂಕ್ಷನ್‌ಗಿಂತ ಉತ್ತಮ ಉದಾಹರಣೆ ನನಗೆ ಗೊತ್ತಿಲ್ಲ. ಅಲ್ಲಿ ಶಿಬುಯಾ ಕಡೆಗೆ ಹೋಗುವ ಎತ್ತರದ ಮೇಲುರಸ್ತೆಯನ್ನು ಯಮಾತೆ ಸುರಂಗದಲ್ಲಿ ಸಾಗುವ ವರ್ತುಲ ಮಾರ್ಗಕ್ಕೆ ಜೋಡಿಸಬೇಕಿತ್ತು. ಎರಡರ ನಡುವಿನ ಎತ್ತರದ ವ್ಯತ್ಯಾಸ ಸುಮಾರು 70 ಮೀಟರ್. ನೇರ ರ‍್ಯಾಂಪ್ ಕಟ್ಟಲು ಬೇಕಾದ ಉದ್ದ ಆ ಬಡಾವಣೆಯಲ್ಲಿ ಎಲ್ಲಿಯೂ ಇರಲಿಲ್ಲ. ಆದ್ದರಿಂದ ಸುಮಾರು 400 ಮೀಟರ್ ಸುತ್ತಳತೆಯ ಅಂಡಾಕಾರದ ಲೂಪನ್ನು ಒಂದರ ಮೇಲೊಂದು ಸುತ್ತಿಸಿ, ವಾಹನಗಳು ಸುರುಳಿಯಾಗಿ ಹತ್ತಿ ಇಳಿಯುವಂತೆ ಮಾಡಿದರು. ಅದು 2010ರ ಮಾರ್ಚ್‌ನಲ್ಲಿ ಬಳಕೆಗೆ ಬಂತು.

ಜಾಣ್ಮೆ ಇಷ್ಟಕ್ಕೇ ನಿಂತಿದ್ದರೆ ಅದು ಎಂಜಿನಿಯರುಗಳ ಹೆಮ್ಮೆಯಾಗಿ ಉಳಿಯುತ್ತಿತ್ತು. ಅವರು ಇಡೀ ಲೂಪನ್ನು ಕಾಂಕ್ರೀಟ್ ಗೋಡೆ ಮತ್ತು ಚಾವಣಿಯಿಂದ ಮುಚ್ಚಿ ಸದ್ದು, ಹೊಗೆಗಳನ್ನು ಒಳಗೇ ಹಿಡಿದು, ಹೊಗೆಯನ್ನು ಶುದ್ಧಗೊಳಿಸಿ ಎತ್ತರದ ಗಾಳಿಗೋಪುರದಿಂದ ಬಿಡುವಂತೆ ಮಾಡಿದರು. ಇಳಿಜಾರಾದ ಚಾವಣಿಯ ಮೇಲೆ ಸುಮಾರು 7,000 ಚದರ ಮೀಟರ್ ವಿಸ್ತೀರ್ಣದ ಉದ್ಯಾನ 2013ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಎಲ್ಲಕ್ಕಿಂತ ಮುಖ್ಯವಾಗಿ, ರಸ್ತೆ ಯೋಜನೆಯನ್ನೂ ಬಡಾವಣೆಯ ಮರುನಿರ್ಮಾಣವನ್ನೂ ಒಂದೇ ಯೋಜನೆಯಾಗಿ ನಡೆಸಿ, ಲೂಪಿನ ಪಕ್ಕದಲ್ಲೇ 42 ಮತ್ತು 27 ಮಹಡಿಗಳ ಎರಡು ಗೋಪುರಗಳನ್ನು ಎಬ್ಬಿಸಿ, ಜಾಗ ಕಳೆದುಕೊಂಡವರಿಗೆ ಅದೇ ನೆರೆಹೊರೆಯಲ್ಲಿ ಮನೆ ಪಡೆಯುವ ಅವಕಾಶ ಕೊಟ್ಟರು. ಪರಿಹಾರದ ಚೆಕ್ಕು ಕೊಟ್ಟು ಊರಾಚೆಗೆ ಕಳಿಸುವುದಕ್ಕೂ ಇದಕ್ಕೂ ಇರುವ ಅಂತರ ದೊಡ್ಡದು. ಹಣದ ಮಟ್ಟಿಗೆ ಈ ವಿನ್ಯಾಸ ನಮಗೆ ಸದ್ಯ ಎಟುಕದಿರಬಹುದು. ಈ ಕ್ರಮ ಎಟುಕದ್ದೇನಲ್ಲ.

ಸುರಂಗದ ಆಯ್ಕೆಗೆ ಇನ್ನೊಂದು ಬಗೆಯ ಉದಾಹರಣೆ ಅಮೆರಿಕದ ಬಾಸ್ಟನ್. 1959ರಲ್ಲಿ ನಗರದ ನಡುವೆ ಪೂರ್ಣಗೊಂಡ ಮೇಲುರಸ್ತೆಯನ್ನು ನೆಲದಡಿಗೆ ಇಳಿಸುವ ಕೆಲಸ 1991ರಲ್ಲಿ ಆರಂಭವಾಗಿ 2007ರವರೆಗೆ ನಡೆಯಿತು, ವೆಚ್ಚ 1,400 ಕೋಟಿ ಡಾಲರ್ ಮೀರಿತು. ಮೇಲಿನ ರಸ್ತೆಯಲ್ಲಿ ವಾಹನ ಓಡುತ್ತಿರುವಾಗಲೇ ಅದರ ಅಡಿಯಲ್ಲಿ ಅಗೆಯಬೇಕಾದದ್ದು ಆ ಕಾಲ ಮತ್ತು ವೆಚ್ಚಕ್ಕೆ ಒಂದು ದೊಡ್ಡ ಕಾರಣ. ಸಿಕ್ಕ ಫಲವಾಗಿ ನಗರದ ನಡುವೆ ಉದ್ದನೆಯ ಹಸಿರು ಪಟ್ಟಿ ಬಂತು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಪ್ರಸ್ತಾಪವಾಗಿರುವ ಸುರಂಗ ರಸ್ತೆಯನ್ನು ಅಳೆಯುವವರು ಸುರಂಗದ ಉದ್ದಕ್ಕಿಂತ ಅದರ ಬಾಯಿಗಳನ್ನು ಹೆಚ್ಚು ಎಚ್ಚರದಿಂದ ನೋಡಬೇಕು. ಸುರಂಗ ಜಾಗ ಉಳಿಸುವುದು ನಡುವೆ ಮಾತ್ರ. ಎರಡು ತುದಿಗಳಲ್ಲಿ ಅದು ನೆಲಕ್ಕೆ ಬರುವ ಜಾಗವೂ ಒಂದು ಇಂಟರ್‌ಚೇಂಜೇ, ಮತ್ತು ಅದು ಬರುವುದು ಈಗಾಗಲೇ ಉಸಿರುಗಟ್ಟಿರುವ ಜಂಕ್ಷನ್‌ಗಳಿಗೆ.

ಮೆಟ್ರೊ ಜೊತೆಗಿನ ಲೆಕ್ಕ

ಬೆಂಗಳೂರಿನ ಜಯದೇವ ಆಸ್ಪತ್ರೆ ಬಳಿಯ ಮೇಲ್ಸೇತುವೆಯನ್ನು 2020ರಲ್ಲಿ ಕೆಡವಲಾಯಿತು. ಅದು ಮುರಿದು ಬಿದ್ದ ಸೇತುವೆಯಲ್ಲ. ಕಟ್ಟಿ ಎರಡು ದಶಕವೂ ತುಂಬಿರಲಿಲ್ಲ. ಎರಡು ಮೆಟ್ರೊ ಮಾರ್ಗಗಳು ಕೂಡುವ ನಿಲ್ದಾಣಕ್ಕೆ ಅದು ಅಡ್ಡ ಬಂತು. ನಗರದ ಇಂಟರ್‌ಚೇಂಜ್‌ಗೆ ಮುಂದಿನ ಕಾಲು ಶತಮಾನದ ರೈಲು ನಕ್ಷೆಯನ್ನು ಮುಂಚಿತವಾಗಿ ಹೊಂದಿಸದಿದ್ದರೆ ಆಗುವ ನಷ್ಟ ಇಂಥದ್ದು. ಆ ಎರಡರಲ್ಲಿ ಒಂದಾದ ಹಳದಿ ಮೆಟ್ರೊ ಮಾರ್ಗದಲ್ಲಿ ಪಾಠ ಕಲಿತದ್ದೂ ಕಾಣುತ್ತದೆ. 2024ರ ಜುಲೈನಲ್ಲಿ ಒಂದು ಬದಿ ತೆರೆದ ರಾಗಿಗುಡ್ಡ–ಸಿಲ್ಕ್ ಬೋರ್ಡ್ ಡಬಲ್ ಡೆಕ್ಕರ್‌ನಲ್ಲಿ ಒಂದೇ ಸಾಲಿನ ಕಂಬಗಳು ಸುಮಾರು 8 ಮೀಟರ್ ಎತ್ತರದಲ್ಲಿ ರಸ್ತೆಯನ್ನೂ 16 ಮೀಟರ್ ಎತ್ತರದಲ್ಲಿ ಮೆಟ್ರೊವನ್ನೂ ಹೊರುತ್ತವೆ. ಸಾಲು ಒಂದೇ ಆದ್ದರಿಂದ ನೆಲದ ಮೇಲೆ ಕಳೆದುಹೋಗುವ ಜಾಗವೂ ಒಂದೇ ಸಾಲಿನದು, ರಸ್ತೆ ಅಗೆಯುವ ಸಂಕಟವೂ ಒಂದೇ ಸಲದ್ದು. 2025ರ ಆಗಸ್ಟ್‌ನಲ್ಲಿ ಮೆಟ್ರೊ ಓಡತೊಡಗಿದ ಮೇಲೆ ಅದೇ ಕಾರಿಡಾರ್‌ನಲ್ಲಿ ಕಾರಿಲ್ಲದವರಿಗೂ ವೇಗದ ದಾರಿ ದೊರೆಯಿತು. ಯಾವ ಜಂಕ್ಷನ್‌ನಲ್ಲಾದರೂ ರೈಲು ಮಾರ್ಗದ ಪ್ರಸ್ತಾಪವಿದ್ದರೆ, ಎರಡನ್ನೂ ಜಂಟಿಯಾಗಿ ಕಟ್ಟುವ ಆಯ್ಕೆಯನ್ನು ಹೋಲಿಕೆಯ ಪಟ್ಟಿಯಲ್ಲಿ ಸೇರಿಸಲೇಬೇಕು.

ಕಟ್ಟುವ ಕಾಲ, ಕಟ್ಟಿದ ಮೇಲಿನ ಕಾಲ

ಎರಡು ವಿನ್ಯಾಸಗಳ ವೆಚ್ಚ ಸಮನಾಗಿದ್ದರೆ ಬೇಗ ಮುಗಿಯುವುದನ್ನು ಆರಿಸಬೇಕು. ಈಜೀಪುರದ ಎರಡೂವರೆ ಕಿಲೋಮೀಟರ್ ಮೇಲುರಸ್ತೆ 2017ರಲ್ಲಿ ಆರಂಭವಾಗಿ ವರ್ಷಗಟ್ಟಲೆ ಬರಿಯ ಕಂಬಗಳಾಗಿ ನಿಂತದ್ದನ್ನು ಕೋರಮಂಗಲದ ಜನ ಮರೆಯಲಾರರು. ಅಂಥ ವಿಳಂಬದಲ್ಲಿ ಅಕ್ಕಪಕ್ಕದ ಅಂಗಡಿಗಳು ಕಳೆದುಕೊಳ್ಳುವ ವ್ಯಾಪಾರವನ್ನು ಯಾರೂ ತುಂಬಿಕೊಡುವುದಿಲ್ಲ. ಬೇರೆಡೆ ಎರಕ ಹೊಯ್ದ ತುಣುಕುಗಳನ್ನು ಅಥವಾ ಉಕ್ಕಿನ ಗರ್ಡರ್‌ಗಳನ್ನು ರಾತ್ರಿ ತಂದು ಕೂರಿಸುವ ವಿಧಾನ ದುಬಾರಿಯಾದರೂ ಇಕ್ಕಟ್ಟಿನ ಜಂಕ್ಷನ್‌ಗೆ ಅದೇ ಸರಿ.

ನಿರ್ವಹಣೆಯ ವಿಷಯಕ್ಕೆ ಪೀಣ್ಯ ಮೇಲುರಸ್ತೆ ಸಾಕ್ಷಿ. 2010ರಲ್ಲಿ ತೆರೆದ ಅದನ್ನು 2021ರ ಡಿಸೆಂಬರ್‌ನಲ್ಲಿ ಮುಚ್ಚಬೇಕಾಯಿತು. ಕಾಂಕ್ರೀಟಿನೊಳಗಿನ ಬಿಗಿಕೇಬಲ್‌ಗಳಿಗೆ ತುಕ್ಕು ಹಿಡಿದಿತ್ತು. ಲಘು ವಾಹನಗಳಿಗೆ ಮರುವರ್ಷವೇ ತೆರೆದರೂ ಭಾರಿ ವಾಹನಗಳು 2024ರ ಮಧ್ಯದವರೆಗೆ ಕೆಳಗಿನ ರಸ್ತೆಯಲ್ಲೇ ಸಾಗಬೇಕಾಯಿತು. ಅಂತಸ್ತುಗಳು ಹೆಚ್ಚಿದಷ್ಟೂ ಇಂಥ ತಪಾಸಣೆ ಕಷ್ಟ, ದುರಸ್ತಿಗೆ ಮುಚ್ಚಿದಾಗ ಆಗುವ ತೊಂದರೆ ದೊಡ್ಡದು. ಸ್ಟ್ಯಾಕ್‌ನ ವಿರುದ್ಧ ನಾನು ಎಣಿಸುವ ಅಂಶಗಳಲ್ಲಿ ಇದೂ ಒಂದು.

ನಕ್ಷೆ ಮುಂದಿಟ್ಟಾಗ ಕೇಳಬೇಕಾದವು

ಸಾರ್ವಜನಿಕ ಅಹವಾಲಿಗೆ ಬಣ್ಣದ ನಕ್ಷೆ ಬಂದರೆ ಅದರ ಜೊತೆಗೆ 12 ಚಲನೆಗಳ ಎಣಿಕೆಯ ಪಟ್ಟಿಯನ್ನೂ, ಪ್ರತಿ ರ‍್ಯಾಂಪು ನೆಲ ಮುಟ್ಟುವ ಜಾಗದ ಅಡ್ಡಕೊಯ್ತವನ್ನೂ (ರಸ್ತೆಯನ್ನು ಅಡ್ಡಲಾಗಿ ಕತ್ತರಿಸಿದಂತೆ ತೋರಿಸುವ ಚಿತ್ರವನ್ನೂ) ಕೇಳಿ. ಅಡ್ಡಕೊಯ್ತದಲ್ಲಿ ಕಾಲುದಾರಿಯ ಅಗಲ ಎರಡು ಮೀಟರ್‌ಗಿಂತ ಕಡಿಮೆ ಕಂಡರೆ ಆ ವಿನ್ಯಾಸವನ್ನು ಅಲ್ಲಿಯೇ ತಿರಸ್ಕರಿಸಬಹುದು. ಒಂದು ಬಸ್ಸಿನಿಂದ ಇಳಿದವರು ಮತ್ತೊಂದು ದಿಕ್ಕಿನ ಬಸ್ಸು ಹಿಡಿಯಲು ನಡೆಯಬೇಕಾದ ದೂರವನ್ನು ಮೀಟರ್‌ಗಳಲ್ಲಿ ಬರೆದು ಕೊಡಲು ಒತ್ತಾಯಿಸಿ. ಹೆಬ್ಬಾಳದಂಥ ಜಾಗದಲ್ಲಿ ಪ್ರತಿದಿನ ಸಾವಿರಾರು ಜನರಿಗೆ ಇಂಟರ್‌ಚೇಂಜ್ ಎಂದರೆ ಈ ನಡಿಗೆಯೇ.

ಭೂಸ್ವಾಧೀನದ ಪಟ್ಟಿಯಲ್ಲಿ ಮಾಲೀಕರ ಹೆಸರುಗಳಷ್ಟೇ ಇದ್ದರೆ ಆಕ್ಷೇಪಿಸಿ. 2013ರ ಕಾಯ್ದೆಯು ಸ್ವಾಧೀನಕ್ಕೆ ಮುಂಚಿನ ಮೂರು ವರ್ಷ ಅಥವಾ ಹೆಚ್ಚು ಕಾಲ ಆ ನಗರ ಜಾಗದಲ್ಲಿ ವಾಸವಿದ್ದ ಕುಟುಂಬಗಳನ್ನೂ, ಅಷ್ಟು ಕಾಲ ಅದನ್ನೇ ಜೀವನೋಪಾಯಕ್ಕೆ ನಂಬಿದ್ದವರನ್ನೂ ಬಾಧಿತರೆಂದು ಗುರುತಿಸುತ್ತದೆ. ಬಾಡಿಗೆ ಅಂಗಡಿಯಲ್ಲಿ ದುಡಿಯುತ್ತಿದ್ದವರಿಗೆ ಇದು ತಿಳಿಯುವುದು ಅಂಗಡಿ ಬಿದ್ದ ಮೇಲೆ.

ಮಳೆನೀರಿನ ಕಾಲುವೆಗಳ ನಕ್ಷೆಯನ್ನೂ ಇದರೊಂದಿಗೆ ಇಟ್ಟು ನೋಡಬೇಕು. ಬೆಂಗಳೂರಿನ ಜಂಕ್ಷನ್‌ಗಳಲ್ಲಿ ಹಲವು ಹಳೆಯ ಕೆರೆಗಳ ಕೋಡಿ ಹರಿಯುವ ತಗ್ಗಿನಲ್ಲೇ ಇವೆ. ಕಂಬದ ಅಡಿಪಾಯ ರಾಜಕಾಲುವೆಯ ಮೇಲೆ ಬರುತ್ತದೆಯೇ, ಅಂಡರ್‌ಪಾಸ್‌ನ ತಳ ಕಾಲುವೆಯ ನೀರಿನ ಮಟ್ಟಕ್ಕಿಂತ ಕೆಳಗಿದೆಯೇ, ಇದ್ದರೆ ವಿದ್ಯುತ್ ಹೋದಾಗ ಪಂಪು ನಡೆಸಲು ಬದಲಿ ವ್ಯವಸ್ಥೆ ಏನು ಎಂಬ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಬಾರದಿದ್ದರೆ, ಉಳಿದ ಅಂಶಗಳಲ್ಲಿ ಎಷ್ಟೇ ಚೆನ್ನಾಗಿದ್ದರೂ ಆ ಆಯ್ಕೆಗೆ ಒಪ್ಪಿಗೆ ಕೊಡಬೇಡಿ.